ಒಮ್ಮೆ ನಕಲಾದ ಡಿಎನ್‌ಎ ಮತ್ತೆ ನಕಲಾಗದಂತೆ ತಡೆಯುವುದು ಯಾವುದು?

ಮನುಷ್ಯನ ಜೀವಕೋಶವೊಂದು ವಿಭಜನೆಗೆ ಮುನ್ನ ಸುಮಾರು 600 ಕೋಟಿ ಬೇಸ್ ಜೋಡಿಗಳನ್ನು ನಕಲು ಮಾಡಬೇಕು. ಈ ನಕಲು ನಡೆಯುವ ಎಸ್ ಹಂತಕ್ಕೆ ಸಿಗುವುದು ಸುಮಾರು 8 ಗಂಟೆ. ಆದ್ದರಿಂದ ನಕಲು ಸಾವಿರಾರು ಕಡೆ ಶುರುವಾಗುತ್ತದೆ. ಮುಗಿದ ಜಾಗದಲ್ಲಿ ಅದು ಮತ್ತೆ ಶುರುವಾಗಬಾರದು, ಕಷ್ಟವಿರುವುದು ಅಲ್ಲಿಯೇ.

1970ರಲ್ಲಿ ಪಿ.ಎನ್. ರಾವ್ ಮತ್ತು ರಾಬರ್ಟ್ ಜಾನ್ಸನ್ ಬೇರೆ ಬೇರೆ ಹಂತದ ಹೀಲಾ ಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ ಕೋಶಗಳು) ಬೆಸೆದು ನೋಡಿದರು. ಎಸ್ ಹಂತದ ಕೋಶದೊಂದಿಗೆ ಸೇರಿದ, ನಕಲಿಗೆ ಮುಂಚಿನ ಜಿ1 ಹಂತದ ಕೋಶಕೇಂದ್ರ ಬೇಗನೆ ನಕಲು ಶುರುಮಾಡಿತು; ನಕಲು ಮುಗಿಸಿದ್ದ ಜಿ2 ಕೋಶಕೇಂದ್ರ ಮಾತ್ರ ಜಗ್ಗಲಿಲ್ಲ. 1988ರಲ್ಲಿ ಜೂಲಿಯನ್ ಬ್ಲೋ, ರಾನ್ ಲಾಸ್ಕಿ ಕಪ್ಪೆ ಮೊಟ್ಟೆಯ ಸಾರದಲ್ಲಿ ಕೋಶಕೇಂದ್ರದ ಪೊರೆಯನ್ನು ಸೋರುವಂತೆ ಮಾಡಿದಾಗ ಎರಡನೇ ನಕಲು ನಡೆಯಿತು. 'ಪರವಾನಗಿ' ಕೊಡುವ ಅಂಶವೊಂದು ಹೊರಗಿದ್ದು, ವಿಭಜನೆಯಲ್ಲಿ ಪೊರೆ ಕರಗಿದಾಗಷ್ಟೇ ಒಳಬರುತ್ತದೆ ಎಂದು ಅವರು ತರ್ಕಿಸಿದರು. ಪರವಾನಗಿಯ ಮಾತು ನಿಂತಿತು, ಪೊರೆಯ ವಿವರಣೆ ನಿಲ್ಲಲಿಲ್ಲ. ಯೀಸ್ಟ್‌ನಲ್ಲಿ ಪೊರೆ ಕರಗುವುದೇ ಇಲ್ಲವಲ್ಲ! 1992ರಲ್ಲಿ ಸ್ಟೀಫನ್ ಬೆಲ್, ಬ್ರೂಸ್ ಸ್ಟಿಲ್‌ಮನ್ ಅದೇ ಯೀಸ್ಟ್‌ನಲ್ಲಿ ನಕಲು ಶುರುವಾಗುವ ಜಾಗವನ್ನು ಹಿಡಿಯುವ ಆರು ಪ್ರೋಟೀನುಗಳ ಕೂಟ ಒಆರ್‌ಸಿಯನ್ನು ಕಂಡುಹಿಡಿದ ಮೇಲೆ ದಾರಿ ತೆರೆಯಿತು.

ಜಿ1ರಲ್ಲಿ, ಕೋಶವನ್ನು ಹಂತದಿಂದ ಹಂತಕ್ಕೆ ನಡೆಸುವ ಸಿಡಿಕೆ ಕಿಣ್ವದ ಚಟುವಟಿಕೆ ತಗ್ಗಿರುತ್ತದೆ. ಆಗ ಒಆರ್‌ಸಿ ಮತ್ತು ಸಿಡಿಸಿ6 ಎಂಬ ಪ್ರೋಟೀನ್ ಡಿಎನ್‌ಎ ಹಿಡಿದು ಕೂರುತ್ತವೆ. ಸಿಡಿಟಿ1 ಎಂಬ ಇನ್ನೊಂದು ಪ್ರೋಟೀನ್, ಎಂಸಿಎಂ2ರಿಂದ 7ರವರೆಗಿನ ಆರು ಪ್ರೋಟೀನುಗಳಿಂದಾದ ಎಂಸಿಎಂ2-7 ಉಂಗುರವನ್ನು ಹೊತ್ತು ತರುತ್ತದೆ. ಎಂಸಿಎಂ2 ಮತ್ತು 5ರ ನಡುವಿನ ಸಂದಿಯಿಂದ ಡಿಎನ್‌ಎ ಒಳಸೇರುತ್ತದೆ. ಎರಡನೇ ಉಂಗುರ ಎದುರುಬದುರಾಗಿ ಬಂದು ಅಂಟುತ್ತದೆ. ಪರವಾನಗಿ ಎಂದರೆ ಈ ಜೋಡಿ ಉಂಗುರವೇ. ಆದರೆ ಅದಿನ್ನೂ ಸುಮ್ಮನಿರುತ್ತದೆ.

ಎಸ್ ಹಂತದಲ್ಲಿ ಡಿಡಿಕೆ ಕಿಣ್ವ ಎಂಸಿಎಂಗೆ ಫಾಸ್ಫೇಟ್ ಅಂಟಿಸುತ್ತದೆ. ಸಿಡಿಕೆ ನೆರವಿನಿಂದ ಸಿಡಿಸಿ45, ಜಿನ್ಸ್ ಎಂಬ ಸಹಾಯಕ ಪ್ರೋಟೀನುಗಳು ಬಂದು ಸೇರುತ್ತವೆ. ಉಂಗುರಗಳು ಬೇರ್ಪಟ್ಟು, ತಲಾ ಒಂದೊಂದು ಎಳೆಯನ್ನು ಸುತ್ತುವರಿದು ಡಿಎನ್‌ಎ ಬಿಚ್ಚುತ್ತಾ ಸಾಗುತ್ತವೆ. ಇಡೀ ಏರ್ಪಾಟಿನ ಜೀವಾಳ ಮುಂದಿದೆ. ಚಾಲನೆ ಕೊಡುವ ಸಿಡಿಕೆಯೇ ಹೊಸ ಉಂಗುರ ಕೂರದಂತೆ ಬಾಗಿಲನ್ನೂ ಹಾಕುತ್ತದೆ: ಯೀಸ್ಟ್‌ನಲ್ಲಿ ಸಿಡಿಸಿ6 ನಾಶವಾಗುತ್ತದೆ, ಬಿಡಿ ಎಂಸಿಎಂ ಕೋಶಕೇಂದ್ರದ ಆಚೆ ಹೋಗುತ್ತದೆ. ನಮ್ಮ ಕೋಶಗಳಲ್ಲಿ ಸಿಡಿಕೆಯ ಜೊತೆಗೆ ಜೆಮಿನಿನ್ ಎಂಬ ಪ್ರೋಟೀನ್ ಸಿಡಿಟಿ1 ಅನ್ನು ಕಟ್ಟಿಹಾಕುತ್ತದೆ. 2015ರಲ್ಲಿ ಜಾನ್ ಡಿಫ್ಲಿ ತಂಡ ಶುದ್ಧೀಕರಿಸಿದ 16 ಘಟಕಗಳನ್ನಷ್ಟೇ ಬೆರೆಸಿ ನಕಲಿನ ಆರಂಭವನ್ನು ಪ್ರನಾಳದಲ್ಲೇ ನಡೆಸಿ ತೋರಿಸಿತು.

ಜೆಮಿನಿನ್ ಕಡಿಮೆಯಾದರೆ ಅದೇ ಜಾಗ ಮತ್ತೆ ನಕಲಾಗತೊಡಗಿ, ಡಿಎನ್‌ಎ ತುಂಡಾಗುತ್ತದೆ. ಪರವಾನಗಿ ಕಡಿಮೆಬಿದ್ದರೂ ಅಪಾಯವೇ: ಎಸ್ ಹಂತ ಶುರುವಾದ ಮೇಲೆ ಹೊಸ ಉಂಗುರ ಕೂರಿಸಿ ಕೊರತೆ ತುಂಬುವಂತಿಲ್ಲ. ಒಆರ್‌ಸಿ1, ಒಆರ್‌ಸಿ4, ಸಿಡಿಸಿ6, ಸಿಡಿಟಿ1 ಜೀನುಗಳ ದೋಷದಿಂದ ಮೈಯರ್-ಗೋರ್ಲಿನ್ ಸಿಂಡ್ರೋಮ್ ಬರುತ್ತದೆಂದು 2011ರಲ್ಲಿ ತಿಳಿಯಿತು. ಅಂಥ ಮಕ್ಕಳು ಕುಳ್ಳಗಿರುತ್ತಾರೆ, ಕಿವಿ ಪುಟ್ಟದಾಗಿರುತ್ತದೆ, ಹಲವರಿಗೆ ಮಂಡಿಚಿಪ್ಪೇ ಇರುವುದಿಲ್ಲ.