ಪ್ರೋಬ್ ಇಡಲು ಜಾಗ ಬಿಡಿ: ಪಿಸಿಬಿ ಟೆಸ್ಟ್ ಪಾಯಿಂಟ್ ಬಗ್ಗೆ ಟಿಪ್ಪಣಿ

ತುಮಕೂರಿನಲ್ಲಿ ಓದುವಾಗ ನಮ್ಮ ಪ್ರಾಜೆಕ್ಟ್‌ಗೆ ಬೋರ್‌ವೆಲ್ ಮೋಟಾರ್ ಕಂಟ್ರೋಲರ್ ಮಾಡಿದೆವು. ತೆಂಗಿನ ತೋಟಕ್ಕೆ ಮೂರು ಫೇಸ್ ಕರೆಂಟ್ ಬಂದ ಕೂಡಲೇ ಪಂಪ್ ಆನ್ ಆಗಬೇಕು, ಒಂದು ಫೇಸ್ ಹೋದರೂ ನಿಲ್ಲಬೇಕು. ಅದರ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಚಿಕ್ಕದಾಗಿ, ನೀಟಾಗಿ ಬಂತು. ಆದರೆ 3.3 ವೋಲ್ಟ್ ಬರುತ್ತಿದೆಯಾ ಎಂದು ನೋಡಲು ಮೀಟರಿನ ಮೊನೆ (ಪ್ರೋಬ್) ಇಡುವ ಜಾಗವೇ ಇರಲಿಲ್ಲ. ಮೈಕ್ರೋಕಂಟ್ರೋಲರಿನ ಕಾಲಿನ ಮೇಲೇ ಇಟ್ಟೆ. ಕಾಲಿಂದ ಕಾಲಿಗೆ 0.5 ಮಿ.ಮೀ. ಅಂತರ. ಮೊನೆ ಜಾರಿ ಪಕ್ಕದ ಕಾಲಿಗೂ ತಾಗಿತು, ಆ ಔಟ್‌ಪುಟ್ ಸುಟ್ಟುಹೋಯಿತು. ಹೊಸ ಚಿಪ್‌ಗಾಗಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಯಿತು.

ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯ ಮಾತು ಒಂದೇ. ಟೆಸ್ಟ್ ಪಾಯಿಂಟ್, ಅಂದರೆ ಪ್ರೋಬ್ ಇಡಲೆಂದೇ ಬಿಡುವ ಪುಟ್ಟ ತಾಮ್ರದ ಪ್ಯಾಡ್, ಲೇಔಟ್ (ಬೋರ್ಡಿನ ಮೇಲೆ ಬಿಡಿಭಾಗ, ತಾಮ್ರದ ದಾರಿಗಳ ಜೋಡಣೆ) ಮುಗಿದ ಮೇಲೆ ಉಳಿದ ಜಾಗಕ್ಕೆ ತುರುಕುವ ವಸ್ತು ಅಲ್ಲ. ರೆಸಿಸ್ಟರ್, ಕೆಪಾಸಿಟರ್ ಹಾಗೆ ಅದೂ ಸರ್ಕ್ಯೂಟಿನ ನಕ್ಷೆಯಾದ ಸ್ಕೀಮ್ಯಾಟಿಕ್‌ನಲ್ಲೇ ಇರಬೇಕು. ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೈಕ್ಯಾಡ್‌ನಲ್ಲಿ ಇದಕ್ಕೆ ಬೇರೆಯೇ ಸಿಂಬಲ್ ಇದೆ, 1 ಮಿ.ಮೀ. ದುಂಡು ಪ್ಯಾಡ್‌ನ ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಬರುವ ಆಕಾರ) ಕೂಡ ಇದೆ. ಸ್ಕೀಮ್ಯಾಟಿಕ್‌ನಲ್ಲಿ ಇಟ್ಟರೆ ಲೇಔಟ್ ಮಾಡುವಾಗ ಮರೆಯಲು ಆಗುವುದಿಲ್ಲ.

ಕಾಲಿನ ಮೇಲೆ ಯಾಕೆ ಇಡಬಾರದು? ಜಾರುತ್ತದೆ ಅನ್ನುವುದು ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ ಇದೆ. ಸೋಲ್ಡರ್ ಸರಿಯಾಗಿ ಹಿಡಿಯದ ಕಾಲು ಪ್ಯಾಡ್‌ನಿಂದ ಕೂದಲೆಳೆಯಷ್ಟು ಮೇಲೆ ಇರುತ್ತದೆ ಅಂತಿಟ್ಟುಕೊಳ್ಳಿ. ನೀವು ಮೊನೆ ಒತ್ತಿದ ತಕ್ಷಣ ಕಾಲು ಕೆಳಗೆ ಬಗ್ಗಿ ಪ್ಯಾಡ್‌ಗೆ ತಾಗುತ್ತದೆ. ಮೀಟರ್ ಎಲ್ಲ ಸರಿ ಇದೆ ಅನ್ನುತ್ತದೆ. ಕೈ ತೆಗೆದರೆ ಮತ್ತೆ ಓಪನ್! ಅಂದರೆ ಪರೀಕ್ಷೆ ಮಾಡಿದ್ದೇ ತಪ್ಪನ್ನು ಮುಚ್ಚಿಬಿಟ್ಟಿತು. ಇಂಥ ಬೋರ್ಡ್ ಪಾಸ್ ಆಗಿ ತೋಟಕ್ಕೆ ಹೋದರೆ, ರಾತ್ರಿ ಕರೆಂಟ್ ಬಂದಾಗ ಪಂಪ್ ಆನ್ ಆಗದೆ ರೈತರು ಬ್ಯಾಟರಿ ಹಿಡಿದು ಓಡಬೇಕಾಗುತ್ತದೆ. ಅದಕ್ಕೇ ಬೇರೆ ಪ್ಯಾಡ್ ಬೇಕು. ಅದು ಅದೇ ನೆಟ್‌ನಲ್ಲಿ, ಅಂದರೆ ಅದೇ ತಾಮ್ರದ ಸಂಪರ್ಕದಲ್ಲಿ ಇರಬೇಕು, ಯಾವ ಬಿಡಿಭಾಗವೂ ಅದರ ಮೇಲೆ ಕೂತಿರಬಾರದು.

ಈಗ ಫ್ಯಾಕ್ಟರಿಯ ಮಾತು. ಕೋಲಾರದ ನರಸಾಪುರದಂಥ ಕಡೆ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಸೇರುವವರಿಗೆ ಇದು ಬೇಕಾಗುತ್ತದೆ. ಸಾವಿರಾರು ಬೋರ್ಡ್ ಇದ್ದಾಗ ಕೈಯಲ್ಲಿ ಒಂದೊಂದಾಗಿ ನೋಡಲು ಆಗುವುದಿಲ್ಲ, ಅಲ್ವಾ? ಸ್ಪ್ರಿಂಗ್ ಇರುವ ಪಿನ್‌ಗಳನ್ನು ಒಂದು ಹಲಗೆಗೆ ಜೋಡಿಸಿ, ಅದರ ಮೇಲೆ ಬೋರ್ಡ್ ಇಟ್ಟು ಒಟ್ಟಿಗೆ ಒತ್ತುತ್ತಾರೆ. ಇದೇ ಬೆಡ್ ಆಫ್ ನೈಲ್ಸ್ ಫಿಕ್ಸ್‌ಚರ್. ಪಿನ್‌ಗಳ ನಡುವಿನ ಅಂತರ 2.54 ಮಿ.ಮೀ. ಇದ್ದರೆ ದಪ್ಪ ಪಿನ್ ಹಾಕಬಹುದು, ಬಾಳಿಕೆ ಜಾಸ್ತಿ. 1.27 ಮಿ.ಮೀ.ಗೆ ಇಳಿದರೆ ಪಿನ್ ಸಣ್ಣ, ಬೇಗ ಬಾಗುತ್ತದೆ, ಬೆಲೆಯೂ ಹೆಚ್ಚು. ಹಾಗಾಗಿ ಜಾಗ ಇದ್ದಾಗ ಸುಮ್ನೆ ಪ್ಯಾಡ್‌ಗಳನ್ನು ಹತ್ತಿರ ಹತ್ತಿರ ಇಡಬೇಡಿ. ಸಾಧ್ಯವಾದರೆ ಎಲ್ಲವನ್ನೂ ಬೋರ್ಡಿನ ಒಂದೇ ಬದಿಗೆ ತನ್ನಿ. ಎರಡೂ ಬದಿಯಿಂದ ಒತ್ತುವ ಫಿಕ್ಸ್‌ಚರ್‌ಗೆ ಖರ್ಚು ತುಂಬಾ ಏರುತ್ತದೆ.

ಒತ್ತುವ ಬಲದ ಲೆಕ್ಕವನ್ನೂ ಮಾಡಿ ನೋಡಿ. ಒಂದು ಪಿನ್ ಸುಮಾರು 200 ಗ್ರಾಂ ಭಾರದಷ್ಟು ತಳ್ಳುತ್ತದೆ ಅಂದುಕೊಂಡರೆ, 80 ಪಿನ್‌ಗೆ 16 ಕೆ.ಜಿ. ಅಷ್ಟೂ ಒಂದೇ ಮೂಲೆಯಲ್ಲಿ ಬಿದ್ದರೆ ಬೋರ್ಡ್ ಬಾಗುತ್ತದೆ. ಬಾಗಿದರೆ ಸೆರಾಮಿಕ್ ಕೆಪಾಸಿಟರ್‌ಗಳು ಒಳಗೇ ಸೀಳುತ್ತವೆ. ಆ ಬಿರುಕು ಕಣ್ಣಿಗೆ ಕಾಣದಿರಬಹುದು, ತಿಂಗಳುಗಳ ನಂತರ ಶಾರ್ಟ್ ಆಗಿ ಹೊರಬರಬಹುದು. ಪ್ಯಾಡ್‌ಗಳನ್ನು ಬೋರ್ಡ್ ತುಂಬಾ ಹರಡಿ. ಬೋರ್ಡ್ ಸರಿಯಾಗಿ ಕೂರಲು ಎದುರುಬದುರು ಮೂಲೆಗಳಲ್ಲಿ ತಾಮ್ರದ ಲೇಪ ಇಲ್ಲದ ಎರಡು ಟೂಲಿಂಗ್ ತೂತು ಇಡಿ.

ವಯಾ (ಬೋರ್ಡಿನ ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತು) ಮೇಲೆ ಪ್ರೋಬ್ ಇಡಬಹುದು, ಆದರೆ ಅದು ಸೋಲ್ಡರ್ ಮಾಸ್ಕ್‌ನಿಂದ (ಬೋರ್ಡಿನ ಮೇಲಿನ ಬಣ್ಣದ ರಕ್ಷಣಾ ಲೇಪ) ಮುಚ್ಚಿರಬಾರದು. ಓಎಸ್‌ಪಿ (ತಾಮ್ರ ಕಪ್ಪಾಗದಂತೆ ಹಚ್ಚುವ ತೆಳು ಸಾವಯವ ಪದರ) ಲೇಪದ ಬೋರ್ಡ್ ಆದರೆ ಟೆಸ್ಟ್ ಪ್ಯಾಡ್‌ಗೂ ಸೋಲ್ಡರ್ ಪೇಸ್ಟ್ ಹಾಕಿಸಿ, ಇಲ್ಲದಿದ್ದರೆ ಪಿನ್ ಸರಿಯಾಗಿ ತಾಗುವುದಿಲ್ಲ.

ಎಲ್ಲಾ ನೆಟ್‌ಗೂ ಪ್ಯಾಡ್ ಬೇಕಾ? ಚಿಪ್‌ಗೆ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್‌ನ ನೆಟ್‌ಗೆ ನಾನು ಹಾಕುವುದಿಲ್ಲ. ಪ್ಯಾಡ್ ಮತ್ತು ಪ್ರೋಬ್ ಸೇರಿಸುವ ಕೆಲವು ಪಿಕೋಫ್ಯಾರಡ್ ಕೆಪಾಸಿಟೆನ್ಸ್‌ಗೇ ಕ್ರಿಸ್ಟಲ್‌ನ ಕಂಪನ ನಿಲ್ಲಬಹುದು. ವೇಗದ ಸಿಗ್ನಲ್‌ಗೆ ಪಕ್ಕಕ್ಕೆ ಕವಲು ಎಳೆದು ಪ್ಯಾಡ್ ಇಡಬೇಡಿ, ದಾರಿಯ ಮೇಲೆಯೇ ಇಡಿ. ಗ್ರೌಂಡ್‌ಗೆ ಮಾತ್ರ ಧಾರಾಳವಾಗಿ ಕೊಡಿ. ಆಸಿಲೋಸ್ಕೋಪ್‌ನಲ್ಲಿ ನೋಡುವಾಗ ಗ್ರೌಂಡ್ ವೈರ್ ಉದ್ದ ಇದ್ದರೆ ಇಲ್ಲದ ಅಲೆಗಳೂ ಪರದೆಯ ಮೇಲೆ ಕಾಣುತ್ತವೆ. ಪ್ರತಿ ಮುಖ್ಯ ಸಿಗ್ನಲ್ ಪಕ್ಕದಲ್ಲೇ ಒಂದು ಗ್ರೌಂಡ್ ಪ್ಯಾಡ್ ಇದ್ದರೆ ಈ ತೊಂದರೆ ಬಹಳ ಕಡಿಮೆ.

ಇನ್ನೊಂದನ್ನು ನಾನು ತಡವಾಗಿ ತಿಳಿದೆ. ಚಿಪ್‌ನ ರೀಸೆಟ್, ಎನೇಬಲ್ ಪಿನ್‌ಗಳನ್ನು ನೇರವಾಗಿ ಸಪ್ಲೈಗೋ ಗ್ರೌಂಡ್‌ಗೋ ಕಟ್ಟಬೇಡಿ. ನಡುವೆ ಒಂದು ರೆಸಿಸ್ಟರ್ ಇಡಿ. ಆಗ ಫ್ಯಾಕ್ಟರಿಯ ಟೆಸ್ಟ್ ಯಂತ್ರ ಆ ಪಿನ್ ಅನ್ನು ತನಗೆ ಬೇಕಾದ ಕಡೆ ಎಳೆದು, ಆ ಚಿಪ್ ಸುಮ್ಮನಿರುವಂತೆ ಮಾಡಿ, ಉಳಿದದ್ದನ್ನು ಪರೀಕ್ಷಿಸಬಹುದು. ಸಂಪರ್ಕಗಳೆಲ್ಲ ಅಡಿಯಲ್ಲೇ ಇದ್ದು ಕಾಲೇ ಕಾಣದ ಬಿಜಿಎ ಚಿಪ್‌ಗಳಿಗೆ ಜೆಟ್ಯಾಗ್ ಬೌಂಡರಿ ಸ್ಕ್ಯಾನ್ (ಚಿಪ್‌ನೊಳಗಿನ ಸರ್ಕ್ಯೂಟ್‌ನಿಂದಲೇ ಪಿನ್‌ಗಳನ್ನು ಪರೀಕ್ಷಿಸುವ ವಿಧಾನ) ಇದೆ, 1990ರ ಐಇಇಇ 1149.1 ಮಾನದಂಡ.

ಮೋಟಾರ್ ಬೋರ್ಡ್ ಮಾಡುವವರು ಗಮನಿಸಿ. ಮೂರು ಫೇಸ್ ಇರುವ ಬದಿಯ ಟೆಸ್ಟ್ ಪ್ಯಾಡ್ ಕೂಡ ಬರೀ ತಾಮ್ರವೇ. 415 ವೋಲ್ಟ್‌ಗೆ ಸುರಕ್ಷತೆಗಾಗಿ ಬೇಕಾದ ದೂರವನ್ನು ಆ ಪ್ಯಾಡ್‌ನ ಅಂಚಿನಿಂದಲೂ ಅಳೆಯಿರಿ. ನಮ್ಮ ಎರಡನೇ ಬೋರ್ಡ್‌ನಲ್ಲಿ ಆ ಬದಿಗೆ ಪ್ಯಾಡ್ ಇಡಲೇ ಇಲ್ಲ. ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಎರಡು ಬದಿಯನ್ನು ಬೇರೆ ಇಡುವ ಆಪ್ಟೋಕಪ್ಲರ್ ದಾಟಿ ಈಚೆ ಬರುವ ಮೂರು ಸಿಗ್ನಲ್‌ಗಳಿಗೆ ಮಾತ್ರ ಇಟ್ಟೆವು. ಪಕ್ಕದಲ್ಲೇ ಮೂರು ಫೇಸ್‌ಗಳ ಹೆಸರಾದ ಆರ್, ವೈ, ಬಿ ಎಂದು ಸಿಲ್ಕ್‌ಸ್ಕ್ರೀನ್‌ನಲ್ಲಿ (ಬೋರ್ಡಿನ ಮೇಲಿನ ಅಕ್ಷರಗಳ ಅಚ್ಚು) ಬರೆದೆವು.