ಬಾಟಲಿ ಹೂವಾದದ್ದು ಎಲ್ಲಿ?

ಕಾರ್ಟೂನ್ ಸಿನಿಮಾ ಮಿಕ್ಕಿ ಮೌಸ್‌ನಿಂದ ಶುರುವಾಯಿತು ಅಂತ ತುಂಬ ಜನ ನಂಬಿದ್ದಾರೆ. ಮಿಕ್ಕಿ ತೆರೆಗೆ ಬಂದದ್ದು 1928ರಲ್ಲಿ. ಅದಕ್ಕೂ 20 ವರ್ಷ ಮೊದಲೇ, 1908ರ ಆಗಸ್ಟ್ 17ರಂದು, ಪ್ಯಾರಿಸ್ಸಿನಲ್ಲಿ 'ಫಾಂಟಾಸ್ಮಾಗೊರಿ' ಎಂಬ ಪುಟ್ಟ ಚಿತ್ರ ತೆರೆ ಕಂಡಿತ್ತು. ಮಾಡಿದವರು ಎಮಿಲ್ ಕೋಲ್, 51 ವರ್ಷದ ವ್ಯಂಗ್ಯಚಿತ್ರಕಾರ.

ಅದರಲ್ಲಿ ಕಥೆ ಅಂತ ಹುಡುಕಬೇಡಿ. ಒಂದು ಕೈ ಬಂದು ಕೋಡಂಗಿಯನ್ನು ಬರೆಯುತ್ತದೆ. ಆಮೇಲೆ ಯಾವುದೂ ತನ್ನ ಆಕಾರದಲ್ಲಿ ನಿಲ್ಲುವುದಿಲ್ಲ. ಬಾಟಲಿ ಹೂವಾಗುತ್ತದೆ. ಆನೆ ಮನೆಯಾಗುತ್ತದೆ. ಥಿಯೇಟರಿನಲ್ಲಿ ಮುಂದೆ ಕೂತ ಹೆಂಗಸಿನ ಟೋಪಿ ಅಡ್ಡ ಬಂತು ಅಂತ ಹಿಂದಿನವನು ಅದರ ಗರಿ ಕೀಳುತ್ತಾನೆ!

ನೋಡಲು ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗಿದೆ. ಅದು ಕಣ್ಕಟ್ಟು. ಕೋಲ್ ಬರೆದದ್ದು ಬಿಳಿ ಹಾಳೆಯ ಮೇಲೆ, ಕಪ್ಪು ಶಾಯಿಯಲ್ಲಿ. ಪ್ರಿಂಟನ್ನು ನೆಗೆಟಿವ್ ರೂಪದಲ್ಲೇ ತೆಗೆದರು, ಕಪ್ಪು ಬಿಳುಪು ಅದಲುಬದಲಾಯಿತು. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ಹಾಳೆಯಿಟ್ಟು, ಹಿಂದಿನ ಚಿತ್ರವನ್ನು ಚೂರೇ ಚೂರು ಬದಲಿಸಿ ಮುಂದಿನದನ್ನು ಬರೆದರು. ಹೀಗೆ ಸುಮಾರು 700 ಚಿತ್ರ. ಪ್ರತಿಯೊಂದನ್ನೂ ಎರಡೆರಡು ಸಲ ಸೆರೆಹಿಡಿದರೆ 1,400 ಫ್ರೇಮು. ಸೆಕೆಂಡಿಗೆ 16ರಂತೆ ಓಡಿಸಿದರೆ ಒಂದೂವರೆ ನಿಮಿಷ. ಅಂದರೆ ಸೆಕೆಂಡಿಗೆ ನಮಗೆ ಸಿಗುವುದು ಬರೀ 8 ಚಿತ್ರ.

ಎಂಟೇ ಚಿತ್ರ ಓಟವಾಗುವುದು ಹೇಗೆ? 'ಕಣ್ಣಿನಲ್ಲಿ ಹಿಂದಿನ ಚಿತ್ರ ಸ್ವಲ್ಪ ಹೊತ್ತು ಉಳಿದಿರುತ್ತದಲ್ವಾ, ಅದಕ್ಕೇ' ಎಂದು ಶಾಲೆಯಿಂದಲೂ ಕೇಳಿದ್ದೇವೆ. ಇದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಸ್ಲೇಟು ಒರೆಸದೆ ಒಂದರ ಮೇಲೊಂದು ಬರೆದರೆ ಏನು ಕಾಣುತ್ತದೆ? ಕಲಸುಮೇಲೋಗರ. ಚಿತ್ರ ಕಣ್ಣಲ್ಲಿ ಉಳಿದರೆ ಆಗುವುದೂ ಅದೇ. ಈ ವಾದದ ಮೂಲಪುರುಷ ಎಂದು ಬ್ರಿಟಿಷ್ ವೈದ್ಯ ಪೀಟರ್ ಮಾರ್ಕ್ ರೋಜೆ ಅವರನ್ನು ಹೆಸರಿಸುತ್ತಾರೆ. ತಮಾಷೆ ನೋಡಿ, ಅವರ 1824ರ ಪ್ರಬಂಧ ಇದ್ದದ್ದು ಬೇಲಿಯಂಥ ಸಂದುಗಳ ಆಚೆ ಉರುಳುವ ಚಕ್ರದ ಅರೆಕಡ್ಡಿಗಳ ಬಗ್ಗೆ. ಅವು ಬಾಗಿ, ನಿಂತ ಹಾಗೆ ಕಾಣುವುದೇಕೆ ಅನ್ನುವುದು ಅವರ ಪ್ರಶ್ನೆ. ನಿಂತದ್ದು ಓಡಿದಂತೆ ಕಾಣುವ ಮಾತೇ ಅಲ್ಲ.

ಮದುವೆ ಮನೆಯ ಸೀರಿಯಲ್ ಸೆಟ್ ನೋಡಿ. ಬಲ್ಬು ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಆದರೂ ಬೆಳಕು ಚಪ್ಪರದ ಸುತ್ತ ಓಡುತ್ತದೆ. ಕೋಲ್ ಚಿತ್ರ ಬಂದ ನಾಲ್ಕು ವರ್ಷಕ್ಕೆ, 1912ರಲ್ಲಿ, ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ಇದರ ಬಗ್ಗೆ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಎರಡು ಗೆರೆಗಳನ್ನು ಸುಮಾರು 60 ಮಿಲಿಸೆಕೆಂಡ್ ಅಂತರದಲ್ಲಿ ತೋರಿಸಿದರೆ, ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ. ಅಂತರ ಜಾಸ್ತಿಯಾದರೆ ಸುಮ್ನೆ ಎರಡು ಗೆರೆ. ಸರಿಯುವುದನ್ನು ಹೊಲಿಯುವುದು ಮಿದುಳು.

ಆಕಾರ ಬೇರೆಯಾದರೂ ಮಿದುಳು ಬಿಡುವುದಿಲ್ಲ. ಮೊದಲು ಚೌಕ, ಪಕ್ಕದಲ್ಲಿ ವೃತ್ತ ಮಿಂಚಿಸಿದರೆ, ಚೌಕವೇ ದಾರಿಯಲ್ಲಿ ದುಂಡಗಾಯಿತು ಅನ್ನುತ್ತದೆ. ಕೋಲ್ ಹಿಡಿದದ್ದು ಈ ಎಳೆಯನ್ನೇ. ಗೆರೆಗೆ ತೂಕವಿಲ್ಲ, ಮಾಂಸ ಮೂಳೆ ಇಲ್ಲ. ಆನೆ ಮನೆಯಾಗಲು ಯಾರ ಅಪ್ಪಣೆ ಬೇಕು?

ಈ ಮನುಷ್ಯ ತೀರಿಕೊಂಡದ್ದು 1938ರ ಜನವರಿ 20ರಂದು, ಬಡತನದಲ್ಲಿ. ಮರುದಿನವೇ ಸಿನಿಮಾದ ಇನ್ನೊಬ್ಬ ಜಾದೂಗಾರ ಜಾರ್ಜ್ ಮೆಲಿಯೆಸ್ ಹೋದರು.

ಚಿತ್ರ ಸಿಕ್ಕರೆ ಬಾಟಲಿ ಹೂವಾಗುವ ಹೊತ್ತಿಗೆ ಒಮ್ಮೆ ನಿಲ್ಲಿಸಿ ನೋಡಿ. ಅಲ್ಲಿ ಬಾಟಲಿಯೂ ಇಲ್ಲ, ಹೂವೂ ಇಲ್ಲ, ಒಂದಿಷ್ಟು ಸೊಟ್ಟ ಗೆರೆ. ಮತ್ತೆ ಓಡಿಸಿ.