ಬಗ್ಗುವ ತಟ್ಟೆ, ಗಿಡ್ಡ ಬೋಲ್ಟು

ಹಳೆಯ ಷೆವ್ರೊಲೆ ಕಾರೊಂದು ನಿಂತಲ್ಲೇ ಓಡುತ್ತಿದೆ. ಎಂಜಿನ್ನಿನ ಹಿಂಬದಿಯಿಂದ ಟಕ್ ಟಕ್ ಅಂತ ಸದ್ದು. ಕೇಳಿದವರು ಥಟ್ಟನೆ ಹೇಳುವುದು ಒಂದೇ: ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು. ಇಳಿಸಿ ಬಿಚ್ಚಿದರೆ ಬೇರಿಂಗ್ ಫಳಫಳ ಹೊಳೆಯುತ್ತಿರುತ್ತದೆ. ನಿಜವಾಗಿ ಹಾಳಾಗಿದ್ದು ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ತುದಿಗೆ ಬಿಗಿದಿದ್ದ, ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ. ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು. ಅಮೆರಿಕದ ಹಳೇ ಆಟೊಮ್ಯಾಟಿಕ್ ಕಾರುಗಳ ರಿಪೇರಿ ಮಾಡುವವರಿಗೆ ಇದು ಹೊಸ ಕತೆಯೇನಲ್ಲ.

ಈ ತಟ್ಟೆಯ ಹೆಸರು ಫ್ಲೆಕ್ಸ್ ಪ್ಲೇಟ್. ನಮ್ಮ ಅಂಬಾಸಿಡರ್, ಫಿಯಟ್ ನೋಡಿ ಬೆಳೆದವರಿಗೆ ಇದರ ಪರಿಚಯ ಕಡಿಮೆ. ಅವುಗಳಲ್ಲಿ ಇದ್ದದ್ದು ಎಂಜಿನ್ನಿನ ಓಟವನ್ನು ಸಮವಾಗಿಡುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಮತ್ತು ಕ್ಲಚ್. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಕೂತಿರುತ್ತದೆ. ಮಜ್ಜಿಗೆ ಕಡೆಯುವಾಗ ಪಾತ್ರೆ ಹಿಡಿದುಕೊಳ್ಳದಿದ್ದರೆ ಅದೂ ಸುತ್ತಲು ಶುರು ಮಾಡುತ್ತೆ, ಅಲ್ವಾ? ಕಡಗೋಲು ಪಾತ್ರೆಯನ್ನು ಮುಟ್ಟಿಲ್ಲ, ಮಜ್ಜಿಗೆಯೇ ತಿರುಗಿಸಿತು. ಕನ್ವರ್ಟರಿನ ಒಳಗೆ ಎಣ್ಣೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎಣ್ಣೆ ತುಂಬಿದ ಕನ್ವರ್ಟರೇ ಸಾಕಷ್ಟು ಭಾರ ಇರುವುದರಿಂದ ಬೇರೆ ಫ್ಲೈವೀಲ್ ಬೇಕಿಲ್ಲ. ಅದನ್ನು ಕ್ರ್ಯಾಂಕಿಗೆ ಜೋಡಿಸಲು ಒಂದು ತಟ್ಟೆ ಸಾಕು.

ತೆಳು ಯಾಕೆ? ಬಿಸಿಯಾದಾಗ, ಒಳಗಿನ ಎಣ್ಣೆಯ ಒತ್ತಡ ಏರಿದಾಗ ಕನ್ವರ್ಟರ್ ಕೊಂಚ ಉಬ್ಬುತ್ತದೆ. ತಟ್ಟೆ ಗಟ್ಟಿಯಾಗಿದ್ದರೆ ಆ ತಳ್ಳಾಟವೆಲ್ಲ ಒಂದು ಕಡೆ ಕ್ರ್ಯಾಂಕಿನ ಬೇರಿಂಗಿಗೆ, ಇನ್ನೊಂದು ಕಡೆ ಗೇರ್‌ಬಾಕ್ಸಿನ ಎಣ್ಣೆ ಪಂಪಿಗೆ ಬೀಳುತ್ತದೆ. ಅದಕ್ಕೇ ಅದು ಬಗ್ಗಬೇಕು. ತಗಡಿನ ತಟ್ಟೆಯ ಮಧ್ಯ ಹೆಬ್ಬೆರಳಿಟ್ಟು ಒತ್ತಿ ನೋಡಿ, ಒಳಕ್ಕೆ ಹೋಗುತ್ತದೆ. ಅದನ್ನೇ ಸ್ಟೀರಿಂಗ್ ಥರ ತಿರುಚಲು ನೋಡಿ, ಜಪ್ಪಯ್ಯ ಅಂದರೂ ಜಗ್ಗಲ್ಲ. ಆ ತಗಡಿನ ಗುಣವೇ ಇಲ್ಲಿ ಬೇಕಾಗಿರುವುದು.

ಆದರೆ ಬಗ್ಗುವುದಕ್ಕೂ ಮಿತಿ ಇದೆ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕೂರಿಸಲು ಎರಡು ಡೊವೆಲ್ ಪಿನ್ ಇರುತ್ತವೆ. ಯಾರೋ ಅವನ್ನು ಹಾಕಲು ಮರೆತರು ಅಂದುಕೊಳ್ಳಿ. ಆಗ ಸಾಲು ತಪ್ಪಿ, ತಟ್ಟೆ ಪ್ರತಿ ಸುತ್ತಿಗೂ ಆಚೀಚೆ ಬಗ್ಗುತ್ತದೆ. ನಿಮಿಷಕ್ಕೆ 3000 ಸುತ್ತು ಅಂದರೆ ಗಂಟೆಗೆ 1,80,000 ಸಲ. ಬಿರುಕು ಬಿಡದೆ ಇನ್ನೇನಾದೀತು? ಹೊಸ ತಟ್ಟೆ ಕೊಳ್ಳುವ ಮೊದಲು ಆ ಪಿನ್ನುಗಳಿವೆಯಾ ನೋಡಿ.

ಆಮೇಲೆ ತಟ್ಟೆಯ ಅಂಚಿನ ಹಲ್ಲು ಎಣಿಸಿ, ಎಂಜಿನ್ ಶುರು ಮಾಡುವಾಗ ಸೆಲ್ಫ್ ಮೋಟರ್ ಕಚ್ಚಿ ತಿರುಗಿಸುವ ಹಲ್ಲುಗಳವು. ಷೆವ್ರೊಲೆಯ 350 (ಘನ ಇಂಚಿನ) ಎಂಜಿನ್ನಿಗೆ 153 ಹಲ್ಲಿನದೂ ಸಿಗುತ್ತದೆ, 168ರದೂ ಸಿಗುತ್ತದೆ. ದೊಡ್ಡದರ ವ್ಯಾಸ ಸುಮಾರು 36 ಸೆಂ.ಮೀ., ಚಿಕ್ಕದು ಮೂರೂವರೆ ಸೆಂ.ಮೀ. ಕಡಿಮೆ. ಎರಡಕ್ಕೂ ಸೆಲ್ಫ್ ಮೋಟರ್ ಕೂರುವ ಜಾಗ ಬೇರೆ. ಕನ್ವರ್ಟರ್ ಬೋಲ್ಟಿನ ತೂತುಗಳು ಕೂರುವ ವೃತ್ತವೂ ಎರಡು ಅಳತೆಯಲ್ಲಿ ಬರುತ್ತದೆ: 10.75 ಇಂಚು, 11.5 ಇಂಚು. 1986ರಿಂದ ಕ್ರ್ಯಾಂಕಿನ ಹಿಂಬದಿಯ ಸೀಲ್ ಬದಲಾಯಿತು, ಅದರ ಜೊತೆ ಕ್ರ್ಯಾಂಕಿಗೆ ಬಿಗಿಯುವ ಬೋಲ್ಟುಗಳ ವೃತ್ತವೂ ಚಿಕ್ಕದಾಯಿತು. ಅಲ್ಲಿ ತಪ್ಪು ತಟ್ಟೆ ಕೂರುವುದೇ ಇಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ.

ಮೋಸ ಹೋಗುವುದು ಕೂರುವ ಕಡೆ. ಕೆಲವು ಎಂಜಿನ್ನುಗಳ ಸಮತೋಲ ಸರಿಹೋಗುವುದು ತಟ್ಟೆಗೆ ಬೆಸೆದ ಒಂದು ತೂಕದ ತುಂಡಿನಿಂದ. ಫೋರ್ಡಿನ 302 ಎಂಜಿನ್ನಿಗೆ ಮೊದಲು 28 ಔನ್ಸ್-ಇಂಚಿನದು (ತೂಕವನ್ನು ನಡುವಿನಿಂದ ಅದರ ದೂರದಿಂದ ಗುಣಿಸಿದ ಅಳತೆ) ಬರುತ್ತಿತ್ತು, 1980ರ ದಶಕದ ಆರಂಭದಲ್ಲಿ 50 ಆಯಿತು. ಹಳೆಯದಕ್ಕೆ ಹೊಸ ತಟ್ಟೆ ಹಾಕಿದರೆ 22 ಔನ್ಸ್-ಇಂಚು ಜಾಸ್ತಿ, ಅಂದರೆ ನಡುವಿನಿಂದ ಒಂದೇ ಇಂಚು ದೂರದಲ್ಲಿ ಸುಮಾರು 620 ಗ್ರಾಂ. ಅಷ್ಟೇನಾ ಅನ್ನಬೇಡಿ. 3000 ಸುತ್ತಿನಲ್ಲಿ ಅದು ಹೊರಕ್ಕೆ ಎಳೆಯುವ ಬಲ ಸುಮಾರು 160 ಕೆ.ಜಿ. ತೂಕಕ್ಕೆ ಸಮ! ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ಇನ್ನು ಬೋಲ್ಟು. ಷೆವ್ರೊಲೆಯ ಟರ್ಬೊ 350 ಗೇರ್‌ಬಾಕ್ಸಿನ ಕನ್ವರ್ಟರಿಗೆ ಬೇಕಾದ್ದು ಮೂರೇ ಬೋಲ್ಟು, 3/8 ಇಂಚಿನವು. ಮುಂದೆ ಬಂದ ಗೇರ್‌ಬಾಕ್ಸುಗಳಲ್ಲಿ 10 ಮಿ.ಮೀ. ಬೋಲ್ಟು. ವ್ಯತ್ಯಾಸ ಅರ್ಧ ಮಿಲಿಮೀಟರ್ ಅಷ್ಟೇ. ಏರ್ ಗನ್ ಹಿಡಿದು ಅವಸರ ಮಾಡಿದರೆ ತ್ರೆಡ್ಡು ಹೋಯಿತು. ಅದಕ್ಕೇ ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ಹಾಕಬೇಕು. ಉದ್ದದ ವಿಷಯ ಇನ್ನೂ ಸೂಕ್ಷ್ಮ. ಉದ್ದ ಇದ್ದಷ್ಟೂ ಭದ್ರ ಅನ್ನಿಸುತ್ತದೆ, ಆದರೆ ಇಲ್ಲಿ ಉದ್ದದ ಬೋಲ್ಟಿನ ತುದಿ ಕನ್ವರ್ಟರಿನ ಮುಚ್ಚಳವನ್ನು ಒಳಕ್ಕೆ ಗುದ್ದುತ್ತದೆ. ಲಾಕ್‌ಅಪ್, ಅಂದರೆ ಎಣ್ಣೆಯ ಜಾರಾಟ ತಪ್ಪಿಸಲು ಒಳಗೇ ಒಂದು ಸಣ್ಣ ಕ್ಲಚ್ಚು, ಇರುವ ಕನ್ವರ್ಟರಿನಲ್ಲಿ ಆ ಮುಚ್ಚಳದ ಒಳಮೈಯೇ ಅದು ಹಿಡಿಯುವ ಜಾಗ. ಸಣ್ಣ ಗುಬುಟು ಎದ್ದರೂ ಕೆಲಸ ಕೆಟ್ಟಿತು.

ಇಷ್ಟೆಲ್ಲ ಸರಿ ಆರಿಸಿಯೂ ಕೊನೆಗೆ ಎಡವುವವರಿದ್ದಾರೆ. ಕನ್ವರ್ಟರನ್ನು ಗೇರ್‌ಬಾಕ್ಸಿನೊಳಗೆ ತಿರುಗಿಸುತ್ತಾ ತಳ್ಳುವಾಗ ಅದು ಟುಕ್, ಟುಕ್ ಅಂತ ಹಂತ ಹಂತವಾಗಿ ಒಳಗಿಳಿಯುತ್ತದೆ. ಕೊನೆಯ ಟುಕ್ ಪಂಪಿನ ಗೇರಿನದು. ಅದಾಗುವ ಮೊದಲೇ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿದರೆ ಪಂಪು ಪುಡಿ. ಪೂರ್ತಿ ಕೂತಿದ್ದರೆ ತಟ್ಟೆಗೂ ಕನ್ವರ್ಟರಿಗೂ ನಡುವೆ 3ರಿಂದ 5 ಮಿ.ಮೀ. ಸಂದು ಉಳಿಯುತ್ತದೆ. ಕನ್ವರ್ಟರನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಸುತ್ತಿದರೆ ಮಾತ್ರ ಅದನ್ನು ಮುಂದಕ್ಕೆಳೆದು ಮೂರು ಬೋಲ್ಟುಗಳನ್ನು ಬಿಗಿಯಲು ಶುರು ಮಾಡಬಹುದು.